ಬಾಜೂ ಮನೆಯ ಕೀಲಿ

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯ ಪಕ್ಕ ಫಕ್ಕೀರೇಶ ಮೊದಲ ಸಲ ನಾಗಲಕ್ಷ್ಮಿಯ ಎದುರು ನಿಂತು ಮಾಡಿದ್ದು ಒಂದೇ ಕೆಲಸ. ಅವಳ ಮೊಬೈಲ್ ಮೇಲೆ ಸೀನಿದ್ದು.

ಥೂ!

"ಘಾಟು ರೀ," ಎಂದು ಬೆವರಿನ ಅಂಗಿಯಿಂದಲೇ ಒರೆಸಲು ಬಂದ. ಅವಳು ಮೊಬೈಲನ್ನು ಹಿಂದಕ್ಕೆ ಎಳೆದುಕೊಂಡಳು.

ಮುಂದಿನ ವಾರ ರಾಣೆಬೆನ್ನೂರಿನ ಕಾಲೇಜಿನಲ್ಲಿ ನೋಡಿದರೆ, ಅದೇ ಮೂಗು ಅವಳ ಕ್ಲಾಸಿನಲ್ಲೇ!

ಆದರೂ ದೋಸ್ತಿ ಆಯಿತು. ಅವಳ ಅವ್ವ ಶೇಖವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಇವತ್ತು ಯಾವ ಅಂಗಡಿಯಲ್ಲಿ ಕೆಲಸ ಇದೆ ಎಂದು ಹೆಂಗಸರು ಬೆಳಿಗ್ಗೆ ಅಲೆಯುವುದನ್ನು ತಪ್ಪಿಸಲು ನಾಗಲಕ್ಷ್ಮಿ ಒಂದು ಆ್ಯಪ್ ಮಾಡಿದಳು. ಅದನ್ನಿಡಲು ಲಿನಕ್ಸ್ ಸರ್ವರ್ ಬಾಡಿಗೆಗೆ ಹಿಡಿದುಕೊಟ್ಟವನು ಫಕ್ಕೀರೇಶ. ದೂರದ ಕಟ್ಟಡದಲ್ಲಿ ನಮ್ಮದೊಂದು ಬಾಡಿಗೆ ಖೋಲಿ ಇದ್ದಂತೆ ಎಂದು ಅವ್ವನಿಗೂ ತಿಳಿಸಿದ್ದ.

ಒಂದು ಬೆಳಿಗ್ಗೆ ಶೇಖವ್ವ ಎಲ್ಲರೆದುರು ಆ್ಯಪ್ ತೆರೆದಳು. ಕೆಲಸದ ಸುದ್ದಿಯ ಜಾಗದಲ್ಲಿ ಜೂಜು... ಬತ್ತಲೆ ಚಿತ್ರಗಳು. ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಹಿರಿಯಳಾದ ರಹಿಮತಬಿ ಪಕ್ಕಕ್ಕೆ ಉಗುಳಿ, ಮಗಳು ಕಾಲೇಜಿನಲ್ಲಿ ಇದನ್ನೇ ಕಲಿಯುತ್ತಾಳಾ ಎಂದು ಕೇಳಿದಳು. ಶೇಖವ್ವ ತಲೆ ಎತ್ತಲಿಲ್ಲ.

ನಾಗಲಕ್ಷ್ಮಿ ಸರ್ವರ್ ಒಳಗೆ ಹೋಗಲು ನೋಡಿದಳು. ಪಾಸ್‌ವರ್ಡ್ ಹಿಡಿಯಲಿಲ್ಲ. ಫಕ್ಕೀರೇಶನಿಗೆ ಫೋನ್ ಮಾಡಿದಳು.

"ನಾನ ಬಂದ್ ಮಾಡೇನಿ, ಆದ್ರ..."

ಹಾಗಾದರೆ ಆ ಗಲೀಜು ಹಾಕಿದವನೂ ಇವನೇ ಎಂದುಕೊಂಡ ಅವಳು ಮುಂದಿನದನ್ನು ಕೇಳಲೇ ಇಲ್ಲ.

"ಹೊಲಸ ಮನಷಾ! ನೀ ಮುಟ್ಟಿದ ಮೊಬೈಲ್ ಸೈತ ತೊಳೀಬೇಕು."

ನಂಬರ್ ಬ್ಲಾಕ್ ಮಾಡಿದಳು.

ಕ್ಯಾಂಟೀನಿನಲ್ಲಿ ಅವನು ಮಂಡಕ್ಕಿ ಗಿರ್ಮಿಟ್ ತಿಂದು ಬೆರಳು ನೆಕ್ಕಿದರೂ ಅವಳು ಹೇಸಿ ತಟ್ಟೆ ಬಿಟ್ಟು ಏಳುತ್ತಿದ್ದಳು. 'ಇಂಥವನನ್ನಾ ನಾನು ಕದ್ದು ಕದ್ದು ನೋಡಿದ್ದು?'

ಗೆಳತಿ ಶಬನಮ್‌ಗೆ ತಡೆಯಲಾಗಲಿಲ್ಲ.

"ಊರಿಗೆ ಹೋಗೂ ಮುಂದ ಪಾಸ್‌ವರ್ಡ್ ಕ್ಲಾಸ್ ಗ್ರೂಪ್‌ನಾಗ ಹಾಕಿದವ್ರ ಯಾರ? ಆ್ಯಪ್ ನಿಂತ್ರ ಯಾರರ ನೋಡ್ಕೊಳ್ರಿ ಅಂತ?"

ಹಾಕಿದವಳು ನಾಗಲಕ್ಷ್ಮಿಯೇ. ಅವರ ಓಣಿಯಲ್ಲಿ ಊರಿಗೆ ಹೋಗುವವರು ಕೀಲಿಯನ್ನು ಬಾಜೂ ಮನೆಗೆ ಕೊಟ್ಟು ಹೋಗುತ್ತಾರೆ. ಅವಳೂ ಹಾಗೇ ಮಾಡಿದ್ದಳು. ಆ ಗ್ರೂಪಿನಿಂದ ಪಾಸ್‌ವರ್ಡ್ ಎಲ್ಲೆಲ್ಲಿಗೋ ಹೋಗಿ, ಯಾರೋ ಒಳಗೆ ನುಗ್ಗಿ ಗಲೀಜು ಸುರಿದಿದ್ದರು. ಫಕ್ಕೀರೇಶ ಪಾಸ್‌ವರ್ಡ್ ಬದಲಿಸಿ ಬಾಗಿಲು ಹಾಕಿ, ಅದನ್ನೆಲ್ಲ ಬಳಿದು ಎಸೆದು, ಹೆಂಗಸರ ಹೆಸರು, ನಂಬರು ಉಳಿಸಿದ್ದ ಎಂದೂ ಶಬನಮ್ ಹೇಳಿದಳು.

ಈಗ ಅವಳಿಗೆ ತನ್ನ ನಾಲಿಗೆಯ ಮೇಲೇ ಹೇಸಿಕೆ ಬಂತು.

ಬ್ಯಾಡಗಿಗೆ ಓಡಿದಳು. ಫಕ್ಕೀರೇಶ ರಾಶಿಗಳ ನಡುವೆ ಕೂತು, ಕಣ್ಣು, ಮೂಗು ಸುರಿಸುತ್ತ ಒಬ್ಬೊಬ್ಬರ ಮೊಬೈಲಿಗೂ ಆ್ಯಪ್ ಮತ್ತೆ ಹಾಕಿಕೊಡುತ್ತಿದ್ದ. ಪಕ್ಕದಲ್ಲಿ ಶೇಖವ್ವ ತಲೆ ಎತ್ತಿ ಕೂತಿದ್ದಳು.

"ಇವನ ನೋಡವಾ ತಪ್ಪ ಮಾಡಿದಾಂವ," ಎಂದಳು ರಹಿಮತಬಿ. "ಬೈದೇವಿ. ಮುಗೀತು."

ನಾಗಲಕ್ಷ್ಮಿ ಅವನನ್ನು ಆಚೆ ಕರೆದಳು.

"ತಪ್ಪು ನಂದು. ನಿಂದ ಅಂತ ಯಾಕ ಹೇಳಿದಿ?"

"ನಿಮ್ಮವ್ವ ದಿನಾ ಇಲ್ಲೇ ಕುಂದ್ರಬೇಕಲ್ಲ. ನಾ ದಿನಾ ಬರಂಗಿಲ್ಲ."

ಅವನು ಪೆನ್‌ಡ್ರೈವ್ ಚಾಚಿದ.

"ಇನ್ನ ಪಾಸ್‌ವರ್ಡ್ ಇಲ್ಲ. ಈ ಕೀಲಿ ಫೈಲ್ ಇದ್ದವ್ರಷ್ಟ ಒಳಗ ಹೋಗ್ತಾರ. ನನ್ನ ಕೀಲಿ ತಗದ ಹಾಕೇನಿ."

"ನಿಂದೂ ಇರ್ಲಿ..."

"ಬಾಜೂ ಮನ್ಯಾಂವ ಅಂತನಾ?"

"ಅಲ್ಲ. ಮನ್ಯಾಗಿನಾಂವ ಅಂತ."

ಅವನು ಏನೋ ಹೇಳಲು ಹೋಗಿ ಜೋರಾಗಿ ಸೀನಿದ. ಅವಳು ದುಪಟ್ಟಾದಿಂದ ಅವನ ಮೂಗು ಹಿಡಿದು ಒರೆಸಿದಳು.

"ಹೇಸಿಕಿ ಆಗಂಗಿಲ್ಲ?"

"ಆಗತೈತಿ," ಎಂದಳು ಮೆಲ್ಲಗೆ. "ಅಲ್ಲಾಡಬ್ಯಾಡ."