ದೇಯಿ ಕೇಳಿದ ಗಂಟೆ

ಕದ್ದವರು ಹೀಗೆ ಕುಳಿತಿರುತ್ತಾರೆಯೇ? ಅಥವಾ ಕದ್ದದ್ದರಿಂದಲೇ ಹೀಗೆ ಕುಳಿತಿದ್ದಾರೆಯೇ? ಹಿತೇಶನಿಗೆ ಎರಡೂ ನಿಜವೆನಿಸುತ್ತಿತ್ತು. ಅಪರಾಧಿಯ ಮೌನವೂ ಅವಮಾನವಾದವರ ಮೌನವೂ ಹೊರಗಿನಿಂದ ನೋಡಿದರೆ ಒಂದೇ ಅಲ್ಲವೇ ಎಂದು ಅವನು ಬೆಳಗಿನಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಮಂಗಳೂರು ರೈಲು ನಿಲ್ದಾಣದ ಎದುರಿನ ಹಳೆ ಗೋದಾಮಿನೊಳಗೆ, ಮಲ್ಲಿಗೆಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹೂ ಮಾರುವ ದೇಯಿಯಕ್ಕ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಅವರೆದುರು ಮರದ ಪೀಠವೊಂದು ಖಾಲಿ ನಿಂತಿತ್ತು. ನಿನ್ನೆ ಬೆಳಿಗ್ಗೆ ಅದರ ಮೇಲೆ ನಿಲ್ದಾಣದ ಹಳೆಯ ಹಿತ್ತಾಳೆ ಗಂಟೆ ತೂಗುತ್ತಿತ್ತು.

ನಿಲ್ದಾಣಕ್ಕೆ ಹೊಸ ಕಟ್ಟಡ ಬರುತ್ತದೆಂಬ ಮಾತು ಎದ್ದ ಮೇಲೆ ಊರಿನ ಕೆಲವರು ಸಮಿತಿ ಕಟ್ಟಿಕೊಂಡು, ಹಳೆಯದರ ಕತೆ ಹೇಳುವ ಪ್ರದರ್ಶನವೊಂದಕ್ಕೆ ಈ ಗೋದಾಮನ್ನು ಬಾಡಿಗೆಗೆ ಹಿಡಿದಿದ್ದರು. ನಾಳೆ ಉದ್ಘಾಟನೆ. ಫಲಕಗಳ ಬರಹ ಹಿತೇಶನದು. ಚರಿತ್ರೆಯಲ್ಲಿ ಎಂ.ಎ. ಮಾಡಿ ಕೆಲಸ ಹುಡುಕುತ್ತಿದ್ದವನಿಗೆ ಇದೇ ದೊಡ್ಡ ಕೆಲಸವಾಗಿತ್ತು. ತೆಂಕಣದಿಂದ ಬಂದ ಹಳಿ ನೇತ್ರಾವತಿಯನ್ನು ದಾಟಿ ಊರೊಳಗೆ ಬಂದು ಅಲ್ಲಿಗೇ ಮುಗಿದದ್ದು, ಹಾಸನದ ಹಳಿಯೂ ಕೊಂಕಣದ ಹಳಿಯೂ ಬಂದಾಗ ಊರ ಹೊರಗೇ ಕೂಡಿಕೊಂಡದ್ದು, ದೂರದ ಎಷ್ಟೋ ಗಾಡಿಗಳು ಒಳಗೆ ಬಾರದೆ ಹೊರಗಿಂದ ಹೊರಗೇ ಹೋಗಿಬಿಡುವುದು, ಎಲ್ಲವನ್ನೂ ಬರೆದಿದ್ದ. ಆದರೆ ತಯಾರಿ ನೋಡಲು ಬಂದವರೆಲ್ಲ ನಿಲ್ಲುತ್ತಿದ್ದದ್ದು ಗಂಟೆಯ ಮುಂದೆ. ಉಳ್ಳಾಲದ ಕಡೆಯಿಂದ ಗಾಡಿ ಸೇತುವೆ ಹತ್ತಿತೆಂದು ತಿಳಿದ ಕೂಡಲೇ ಅದನ್ನು ಬಾರಿಸುತ್ತಿದ್ದವರು ದೇಯಿಯಕ್ಕನ ಅಪ್ಪ.

ಸಮಿತಿಯ ಕಾರ್ಯದರ್ಶಿ ರಾಯ್‌ಸ್ಟನ್‌ಗೆ ಪ್ರದರ್ಶನ ಮುಗಿದ ಮೇಲೆ ಗಂಟೆಯನ್ನು ಕಡಲತೀರದ ರೆಸಾರ್ಟೊಂದಕ್ಕೆ ಮಾರುವ ಆಸೆಯಿತ್ತು. ಸಭೆಯ ನಡುವೆ ಕರೆಯದೆ ಬಂದು ಆ ಆಸೆಯನ್ನು ಮುರಿದವರೂ ದೇಯಿಯಕ್ಕನೇ. "ಹೊಸ ಸ್ಟೇಷನ್ ಕಟ್ಟಿ, ಬೇಡ ಹೇಳುವುದಿಲ್ಲ. ಗಂಟೆ ಮಾತ್ರ ಸ್ಟೇಷನ್ ಬಿಟ್ಟು ಹೋಗುವ ಹಾಗಿಲ್ಲ. ಹೋದರೆ ನಾನು ಗೇಟಿಗೆ ಅಡ್ಡ ಮಲಗ್ತೇನೆ," ಎಂದಿದ್ದರು. ಸಮಿತಿ ಮೆತ್ತಗಾಗಿತ್ತು.

ನಿನ್ನೆ ಸಂಜೆ ಹಿತೇಶನೂ ಅಧ್ಯಕ್ಷ ಮುಖೇಶರೂ ಬಂದಾಗ ಪೀಠ ಬರಿದಾಗಿತ್ತು. ರಾಯ್‌ಸ್ಟನ್ ಕಾವಲುಗಾರ ಚಾರ್ಲ್ಸ್ ಅಂಕಲ್‌ರನ್ನು ಕೊಂಕಣಿಯಲ್ಲಿ ಗದರಿಸಿ ಕೇಳುತ್ತಿದ್ದ. ಅವರು ತಲೆ ತಗ್ಗಿಸಿ ಅದೇ ಭಾಷೆಯಲ್ಲಿ ಏನೋ ಹೇಳಿದರು. ತುಳು ಮನೆಯ ಹಿತೇಶನಿಗೆ 'ದೇಯಿ' ಎಂಬ ಹೆಸರು, 'ವೊರಾಂ' ಎಂಬ ಶಬ್ದ, ಇಷ್ಟು ಮಾತ್ರ ಕಿವಿಗೆ ಬಿತ್ತು. ರಾಯ್‌ಸ್ಟನ್ ಖಾಲಿ ಪೀಠ ತೋರಿಸುತ್ತ ಇವರ ಕಡೆ ತಿರುಗಿದ.

"ಮಧ್ಯಾಹ್ನ ಆ ದೇಯಿ ಬಂದು ಗಂಟೆ ಕೇಳಿದ್ದಾಳಂತೆ!"

"ಹೌದಾ ಚಾರ್ಲ್ಸ್? ಗಂಟೆ ಕೇಳಿದ್ದು ಹೌದಾ?" ಎಂದರು ಮುಖೇಶ್.

"ಹೌದು ಸರ್, ಕೇಳಿದ್ರು."

ದೇಯಿಯಕ್ಕನನ್ನು ಕರೆಸಿ ಕೇಳಿದಾಗ ಅವರೂ ಹಿಂಜರಿಯಲಿಲ್ಲ. "ಹೌದು, ಗಂಟೆ ಕೇಳಿದ್ದೇನೆ. ಎಂತ ಈಗ?"

ಇನ್ನೇನು ಬೇಕು? ಸಂಜೆಯೊಳಗೆ ಗಂಟೆ ತಂದಿಟ್ಟು ಎಲ್ಲರೆದುರು ತಪ್ಪಾಯಿತೆನ್ನಬೇಕು, ಇಲ್ಲದಿದ್ದರೆ ಪೊಲೀಸರಿಗೆ ದೂರು, ಆಮೇಲೆ ನಿಲ್ದಾಣದೆದುರು ಹೂ ಮಾರುವುದನ್ನು ಮರೆತುಬಿಡಬೇಕು ಎಂದು ಮುಖೇಶ್ ಇಂದು ಬೆಳಿಗ್ಗೆ ತೀರ್ಪು ಕೊಟ್ಟಿದ್ದರು.

"ಮುಟ್ಟದ ಗಂಟೆಗೆ ತಪ್ಪಾಯಿತು ಹೇಳಬೇಕಾ?" ಎಂದಿದ್ದರು ದೇಯಿಯಕ್ಕ. "ಪೊಲೀಸರನ್ನೇ ಕರೆಯಿರಿ. ಅವರು ಬರುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ." ಹಾಗೆಂದು ಕುರ್ಚಿ ಎಳೆದು ಕುಳಿತವರು ಇನ್ನೂ ಎದ್ದಿರಲಿಲ್ಲ.

ಹಿತೇಶ ಹೆಚ್ಚು ಹೊತ್ತು ತಡೆಯಲಾರದೆ ಕುಲಶೇಖರಕ್ಕೆ ಫೋನು ಮಾಡಿದ. ಅಲ್ಲಿ ಅವನು ಬಾಡಿಗೆಗಿದ್ದ ಕೋಣೆಯ ಒಡತಿ ನೆಲ್ಲಿ ಟೀಚರ್. ಆ ಕಡೆ ಏನು ಕಳೆದುಹೋದರೂ ಜನ ಮೊದಲು ತಟ್ಟುತ್ತಿದ್ದದ್ದು ಅವರ ಬಾಗಿಲನ್ನು. ನಿವೃತ್ತ ಟೀಚರಿಗೆ ಒಂದು ಕಿವಿ ಮಂದ. ಹಾಗಾಗಿ ಪ್ರತಿಯೊಬ್ಬರಿಂದಲೂ ಎರಡೆರಡು ಸಲ ಹೇಳಿಸುತ್ತಿದ್ದರು. "ಸುಳ್ಳು ಎರಡನೇ ಸಲಕ್ಕೆ ಅಂಗಿ ಬದಲಿಸ್ತದೆ ಮಾರಾಯ," ಎಂದು ಒಮ್ಮೆ ಹಿತೇಶನಿಗೆ ಹೇಳಿದ್ದರು. ಇಂಥ ಕೆಲಸಗಳಲ್ಲಿ ಅವರ ಚೀಲ ಹಿಡಿದು ಹಿಂದೆ ನಡೆಯುವವನು ಅವನೇ.

ಅವರನ್ನು ಕಂಡು ಮುಖೇಶ್ ಮುಖ ಸಿಂಡರಿಸಿದರು. "ಇದು ಸಮಿತಿಯ ವಿಷಯ ಟೀಚರ್. ನಿಮಗೆ ಯಾಕೆ ತೊಂದರೆ?"

"ಒಬ್ಬ ಹೆಂಗಸನ್ನು ಕಳ್ಳಿ ಅಂತ ಕೂರಿಸಿದ ಮೇಲೆ ಅದು ಸಮಿತಿಯ ವಿಷಯ ಅಲ್ಲ. ಆ ಕಡೆ ಸರಿಯಿರಿ, ಬೆಳಕು ಬರಲಿ."

ಟೀಚರ್ ಮೊದಲು ಪೀಠದ ಬಳಿ ಬಗ್ಗಿದರು. ಕೆಂಪು ಬಟ್ಟೆಯ ತುಂಡೊಂದು ಅಲ್ಲಿ ಅಚ್ಚುಕಟ್ಟಾಗಿ ಮಡಚಿ ಬಿದ್ದಿತ್ತು.

"ಇದು ಎಂತ?"

"ಗಂಟೆಯ ನಾಲಗೆಗೆ ನಾನೇ ಕಟ್ಟಿದ್ದು," ಎಂದ ರಾಯ್‌ಸ್ಟನ್. "ಬಂದವರೆಲ್ಲ ಬಾರಿಸಿ ತಲೆನೋವು ಆಗುವುದು ಬೇಡ ಅಂತ."

ಹಿಂಬಾಗಿಲು ಓಣಿಗೆ ತೆರೆಯುತ್ತಿತ್ತು. ಬೀಗಕ್ಕೆ ಗೀರು ಕೂಡ ಬಿದ್ದಿರಲಿಲ್ಲ. ಒಳಗಡೆ ಮೊಳೆಯಲ್ಲಿ ಕೀ ತೂಗುತ್ತಿತ್ತು.

"ಇನ್ನೊಂದು ಕೀ?"

"ನನ್ನ ಹತ್ತಿರ ಉಂಟು," ಎಂದ ರಾಯ್‌ಸ್ಟನ್. "ಆದರೆ ನಾನು ಮಧ್ಯಾಹ್ನ ಹಂಪನಕಟ್ಟೆಯಲ್ಲಿದ್ದೆ, ಆಮಂತ್ರಣದ ಕೆಲಸಕ್ಕೆ. ಇವಳು ಮುಂದಿನಿಂದ ನುಗ್ಗಿ, ಈ ಕೀ ತೆಗೆದು ಹಿಂದಿನಿಂದ ಸಾಗಿಸಿದ್ದಾಳೆ. ಅಷ್ಟೇ ಸಿಂಪಲ್."

"ಎಂತ ಹೇಳಿದ್ದು? ಇನ್ನೊಮ್ಮೆ ಹೇಳು, ಕಿವಿ ಮಂದ."

"ಯಾರೋ ಮುಂದಿನಿಂದ ಬಂದು ಹಿಂದಿನಿಂದ ಸಾಗಿಸಿದ್ದಾರೆ ಅಂದೆ," ಎಂದ ರಾಯ್‌ಸ್ಟನ್. ದೇಯಿಯಕ್ಕ ಅವನನ್ನೇ ದಿಟ್ಟಿಸುತ್ತಿದ್ದರು.

"ಮೊದಲು 'ಇವಳು', ಈಗ 'ಯಾರೋ'. ಆಗಲಿ."

ಟೀಚರ್ ಮುಂಬಾಗಿಲಿನ ಬೆಂಚಿಗೆ ಹೋಗಿ ಚಾರ್ಲ್ಸ್ ಅಂಕಲ್‌ರ ಪಕ್ಕದಲ್ಲಿ ಕುಳಿತರು. ಅಂಕಲ್ ನಿನ್ನೆ ಆ ಬೆಂಚು ಬಿಟ್ಟು ಎದ್ದಿರಲಿಲ್ಲ, ಬುತ್ತಿ ಉಂಡದ್ದೂ ಅಲ್ಲಿಯೇ, ರೇಡಿಯೊ ಜೋರಾಗಿ ಹಚ್ಚಿಕೊಂಡು. ಒಳಗೆ ಯಾರನ್ನೂ ಬಿಟ್ಟಿರಲಿಲ್ಲ. ದೇಯಿಯಕ್ಕ ಬಂದದ್ದು ಬಾಗಿಲವರೆಗೆ ಮಾತ್ರ. ಇದನ್ನೆಲ್ಲ ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆ ಟೀಚರ್ ಮಾತನ್ನು ಕೊಂಕಣಿಗೆ ಹೊರಳಿಸಿದರು. ಅಂಕಲ್ ಮುಖ ಸಡಿಲವಾಯಿತು. ಮತ್ತೆ ಅದೇ 'ವೊರಾಂ' ಹಿತೇಶನ ಕಿವಿಗೆ ಬಿತ್ತು. ಟೀಚರ್ ಈ ಸಲ ಇನ್ನೊಮ್ಮೆ ಹೇಳಿಸಲಿಲ್ಲ.

ಸಂಜೆ ಸಮಿತಿಯವರೆಲ್ಲ ಸೇರಿದರು. ಮುಖೇಶ್ ದೂರಿನ ಮಾತೆತ್ತುವ ಮೊದಲೇ ಟೀಚರ್ ಎದ್ದು ನಿಂತರು.

"ನಾವು ಎಲ್ಲರೂ ಈ ಊರಿನವರು. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಒಂದು, ಸಭೆಯಲ್ಲಿ ಕನ್ನಡ. ಒಂದರಿಂದ ಇನ್ನೊಂದಕ್ಕೆ ಹಾರುವಾಗ ಕಾಲು ಜಾರ್ತದೆ. ಕೆಲವರು ಬೇಕೆಂದೇ ಜಾರ್ತಾರೆ. ದೇಯಿಯಕ್ಕ, ನೀವು ಗಂಟೆ ಕೇಳಿದ್ದು ಹೌದಾ?"

"ಹೌದು. ಎಷ್ಟು ಸಲ ಹೇಳಬೇಕು?"

"ಹೇಗೆ ಕೇಳಿದ್ದು?"

ದೇಯಿಯಕ್ಕ ಅವರನ್ನು ವಿಚಿತ್ರವಾಗಿ ನೋಡಿದರು. "ಹೇಗೆ ಅಂದರೆ? ಕಿವಿಯಲ್ಲಿ! ನಾನು ಹೊರಗೆ ಹೂ ಕಟ್ತಾ ಇದ್ದೆ. ಒಳಗಿನಿಂದ ಅಪ್ಪನ ಗಂಟೆ ಕೇಳಿತು. ಒಂದೇ ಪೆಟ್ಟು. ಗಾಡಿ ಬಂತೋ ಅಂತ ಎದ್ದೇಬಿಟ್ಟೆ, ಚಿಕ್ಕಂದಿನ ಅಭ್ಯಾಸ. ಈ ಹೊತ್ತಿಗೆ ಯಾವ ಗಾಡಿ ಅಂತ ಇಲ್ಲಿಗೆ ಬಂದು ಚಾರ್ಲ್ಸರ ಹತ್ತಿರ ಗಂಟೆ ಕೇಳಿದೆ, ಎಷ್ಟಾಯ್ತು ಅಂತ."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂದು ಮುಖೇಶ್ ಸಿಡುಕಿದರು.

"ಕೇಳಿದ್ದು ಹೌದಾ ಅಂದಿರಿ, ಹೌದು ಅಂದೆ. ಕಳ್ಳಿ ಅಂದಿರಿ. ಕಳ್ಳಿ ಅಂದವರ ಮುಂದೆ ನಾನ್ಯಾಕೆ ಕತೆ ಹೇಳಬೇಕು?"

ಹಿತೇಶನಿಗೆ ಆಗ ಹೊಳೆಯಿತು. ಗಂಟೆ ಕೇಳಿಸಿತ್ತು, ಅದಕ್ಕಾಗಿ ಹೊತ್ತು ಕೇಳಿದ್ದರು, ಗಂಟೆಯನ್ನು ಬೇಡಿರಲೇ ಇಲ್ಲ. ಒಂದೇ ಮಾತಿನೊಳಗೆ ಮೂರು ಮಾತು ಕುಳಿತಿದ್ದವು, ಎಲ್ಲರೂ ತಮಗೆ ಬೇಕಾದ್ದನ್ನು ಎತ್ತಿಕೊಂಡಿದ್ದರು.

"ಸರಿ, ತಪ್ಪು ತಿಳುವಳಿಕೆ ಆಯ್ತು," ಎಂದ ರಾಯ್‌ಸ್ಟನ್ ಬೇಗನೆ. "ನಾನೂ ಹಾಗೇ ತಿಳಿದೆ."

"ನೀನು ತಿಳಿಯಲು ಸಾಧ್ಯವೇ ಇಲ್ಲ, ಬಾಬಾ," ಎಂದರು ಟೀಚರ್ ಮೆಲ್ಲಗೆ. "ಮುಖೇಶರಿಗೆ ಹಾಗಾಗಬಹುದು, ಹಿತೇಶನಿಗೆ ಆಗಬಹುದು. ಚಾರ್ಲ್ಸ್ ನಿನಗೆ ಹೇಳಿದ್ದು ಕನ್ನಡದಲ್ಲಾ? ಕೊಂಕಣಿಯಲ್ಲಿ. ನಮ್ಮ ಭಾಷೆಯಲ್ಲಿ ಬಾರಿಸುವ ಗಂಟೆ 'ಘಾಂಟ್'. ಹೊತ್ತಿನ ಗಂಟೆಗೆ 'ವೊರಾಂ'. ಅವರು ವೊರಾಂ ಕೇಳಿದ್ರು ಅಂತ ಚಾರ್ಲ್ಸ್ ಹೇಳಿದ. ನಿನ್ನೆಯೂ ಅದೇ, ಇವತ್ತು ನನಗೂ ಅದೇ. ಅದನ್ನು ಕೇಳಿ ನೀನು ಈ ಕಡೆ ತಿರುಗಿ ಕನ್ನಡದಲ್ಲಿ 'ಗಂಟೆ ಕೇಳಿದ್ದಾಳಂತೆ' ಅಂದೆ. ಅದೂ ಖಾಲಿ ಪೀಠ ತೋರಿಸಿಕೊಂಡು."

ಟೀಚರ್ ಪೀಠದತ್ತ ಕೈ ತೋರಿಸಿದರು.

"ಯಾಕೆ ಹಾಗಂದೆ? ಅವರು ಹೊತ್ತು ಕೇಳಲು ಯಾಕೆ ಎದ್ದುಬಂದರು ಅಂತ ನಿನಗೊಬ್ಬನಿಗೇ ಗೊತ್ತಿತ್ತು, ಆ ಪೆಟ್ಟು ಹೊಡೆಸಿದವನು ನೀನೇ. ಆ ಬಟ್ಟೆ ನೋಡು. ಕದಿಯುವವನು ಗಂಟೆಯ ನಾಲಗೆ ಬಿಚ್ಚುತ್ತಾನಾ? ಕಟ್ಟಿರದಿದ್ದರೆ ಕಟ್ಟಿಯಾನು. ಬಿಚ್ಚುವವನಿಗೆ ಅದರ ಸ್ವರ ಯಾರಿಗೋ ಕೇಳಿಸಬೇಕಿತ್ತು. ಕೊಳ್ಳುವವನು ಸ್ವರ ಕೇಳದೆ ಒಪ್ಪಲಿಲ್ಲ, ಅಲ್ಲವಾ? ಮುಂದೆ ಚಾರ್ಲ್ಸ್ ಕುಳಿತಿದ್ದ. ಒಳಗಿನ ಕೀ ಒಳಗಿದ್ದವನಿಗೆ ಮಾತ್ರ ಸಿಗ್ತದೆ. ಓಣಿಯಿಂದ ಬಂದವನ ಕೈಯಲ್ಲಿ ಇನ್ನೊಂದು ಕೀ ಇರಬೇಕು."

ರಾಯ್‌ಸ್ಟನ್ ತಲೆ ಎತ್ತಿಯೇ ಇದ್ದ. "ಇಲ್ಲಿದ್ದರೆ ಧೂಳು ತಿನ್ತದೆ ಟೀಚರ್. ರೆಸಾರ್ಟಿನಲ್ಲಾದರೆ ಸಾವಿರ ಜನ ನೋಡ್ತಾರೆ. ಈ ಊರಿಗೆ ತನ್ನದು ಯಾವುದು ಅಂತ ಗೊತ್ತುಂಟಾ?"

"ನನಗೆ ಗೊತ್ತುಂಟು," ಎಂದರು ದೇಯಿಯಕ್ಕ. "ಎಲ್ಲಿ ಉಂಟು ಅದು?"

"ಹಂಪನಕಟ್ಟೆಯ ಲಾಡ್ಜಿನಲ್ಲಿ. ರೆಸಾರ್ಟಿನ ಮ್ಯಾನೇಜರ್ ನಾಳೆ ಹೊರಡ್ತಾನೆ," ಎಂದ ರಾಯ್‌ಸ್ಟನ್, ಟೀಚರತ್ತ ನೋಡುತ್ತ. ಸಮಿತಿಯ ಇಬ್ಬರು ಅವನನ್ನು ಕರೆದುಕೊಂಡು ಅತ್ತ ಓಡಿದರು.

ಮುಖೇಶ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ದೇಯಿಯಕ್ಕನ ಬಳಿ ಬಂದರು. "ಆದದ್ದು ಆಯ್ತು ದೇಯಿಯಕ್ಕ. ನಾಳೆ ದೀಪ ನೀವೇ ಹಚ್ಚಬೇಕು. ಮುಂದಿನ ಸಾಲಿನಲ್ಲಿ ಕುರ್ಚಿ, ಒಂದು ಶಾಲು, ನಿಮ್ಮ ಅಪ್ಪನ ದೊಡ್ಡ ಫೋಟೋ. ಈಗ ಏಳಿ, ಮನೆಗೆ ಹೋಗಿ."

"ಶಾಲು ನಿಮ್ಮ ಹತ್ತಿರವೇ ಇರಲಿ. ನನ್ನ ಬಾಯಿಂದ ಎಲ್ಲರ ಮುಂದೆ ಹೇಳಿಸಬೇಕು ಅಂತಿದ್ದಿರಲ್ಲ, ಆ ಮಾತು ನೀವು ಹೇಳಿ. ಎಲ್ಲರೂ ಇಲ್ಲೇ ಇದ್ದಾರೆ. ಆಮೇಲೆ ಏಳ್ತೇನೆ."

ಮುಖೇಶ್ ನಕ್ಕರು. ಕಾಫಿ ತರಿಸಿದರು. ರಾಯ್‌ಸ್ಟನ್‌ನನ್ನು ಬೈದರು, ಕಾಲವನ್ನು ಬೈದರು, ನಿಲ್ದಾಣದ ಮೇಲಿನ ತಮ್ಮ ಪ್ರೀತಿಯನ್ನು ಉದ್ದಕ್ಕೆ ಹೇಳಿಕೊಂಡರು. ದೇಯಿಯಕ್ಕ ಕಾಫಿ ಮುಟ್ಟದೆ, ಬೆನ್ನು ಬಾಗಿಸದೆ ಕುಳಿತೇ ಇದ್ದರು. ನೆಲ್ಲಿ ಟೀಚರ್ ಇನ್ನೊಂದು ಕುರ್ಚಿ ಎಳೆದು ಅವರ ಪಕ್ಕ ಕುಳಿತರು. ಹಿತೇಶ ಟೀಚರರ ಚೀಲವನ್ನು ಕೆಳಗಿಟ್ಟು ನೆಲದ ಮೇಲೆಯೇ ಕುಳಿತ. ಮುಖೇಶ್ ಇನ್ನೂ ಬಹಳ ಹೊತ್ತು ಮಾತನಾಡಿದರು.

ತಪ್ಪಾಯಿತು ಎಂದು ಮಾತ್ರ ಅವರು ಹೇಳಲಿಲ್ಲ.