ತಾತನ ಕೆಮ್ಮು

"ಇಲ್ಲಿ ತಾತ ಅಂದ್ರೆ ಯಾರು?"

ಸೈಕಲ್ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತು ಅವಳು ಕೇಳಿದ ಧಾಟಿಗೆ, ಪಂಕ್ಚರ್ ಹುಡುಕುತ್ತಿದ್ದವನ ಕೈಯಿಂದ ಟ್ಯೂಬು ಜಾರಿ ನೀರಿನ ಟಬ್ಬಿಗೆ ಬಿತ್ತು.

"ನಾನೇ," ಎಂದು ಅವನು ಎದ್ದು ನಿಂತ.

ಅವಳು ಮೇಲಿಂದ ಕೆಳಗೆ ನೋಡಿದಳು. ಮೂವತ್ತೈದರ ಆಸುಪಾಸು. ಒಂದು ಬಿಳಿ ಕೂದಲೂ ಇಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳಗಳೆಲ್ಲ ಒಬ್ಬ ಮುದುಕನಿಗೆಂದು ತಯಾರಾಗಿದ್ದವು.

'ಇಷ್ಟು ಚೆಂದದ ಕಣ್ಣಿರೋನು ತಾತನಾ...' ಎಂದಿತು ಮನಸ್ಸು. ಅವಳು ಮನಸ್ಸನ್ನೇ ಗದರಿದಳು.

ಅವಳು ಶಾಲೆಯ ಹೆಡ್ ಮೇಡಂ. ಆ ಬೆಳಿಗ್ಗೆ ನೀರಿನ ಟ್ಯಾಂಕು ಖಾಲಿಯಾಗಿತ್ತು, ಗಣಿತದ ಟೀಚರ್ ಹೇಳದೆ ಕೇಳದೆ ರಜೆ ಹಾಕಿದ್ದರು, ಶಾಲೆಯ ವ್ಯಾನು ಕೈಕೊಟ್ಟಿತ್ತು. ಸಾಲದ್ದಕ್ಕೆ ಏಳನೇ ತರಗತಿಯ ಹುಡುಗಿಯೊಬ್ಬಳ ತಾಯಿ ಅಳುತ್ತಾ ಬಂದಿದ್ದರು.

"ಫೋನಿನ ಆಟದಲ್ಲಿ ತಾತ ಅನ್ನೋ ಮುದುಕ ಸೇರ್ಕೊಂಡಿದ್ದಾನೆ ಮೇಡಂ. ಇಡೀ ಕ್ಲಾಸಿನ ಮಕ್ಕಳು ಅವನ ಜೊತೆ ಆಡ್ತಾರೆ. ಅವನು ಕೆಮ್ಮೋದನ್ನ ನನ್ನ ಕಿವಿಯಾರೆ ಕೇಳಿದ್ದೀನಿ."

ಮಕ್ಕಳನ್ನು ಕೇಳಿದರೆ ಎಲ್ಲರ ಬಾಯಿಗೂ ಬೀಗ. ಕೊನೆಗೆ ಒಬ್ಬಳ ಬಾಯಿಂದ 'ಸೈಕಲ್ ಅಂಗಡಿ' ಎಂಬ ಮಾತು ಜಾರಿತ್ತು.

"ಮಕ್ಕಳ ಆಟದಲ್ಲಿ ನಿಮಗೇನು ಕೆಲಸ?" ಎಂದಳು ಅವಳು.

"ನನ್ನ ಅಕ್ಕನ ಮಗಳು ನಿಮ್ಮಲ್ಲೇ ಓದ್ತಾಳೆ. ಅವಳು ಆಡ್ತಾಳೆ ಅಂತ ನಾನೂ ಸೇರ್ಕೊಂಡೆ. ಅದು ಯಾಕಂದ್ರೆ ಮೇಡಂ..."

"ಒಂದು ಕ್ಲಾಸನ್ನೇ ಹಾಳು ಮಾಡೋಕೆ ನೀವೊಬ್ರು ಸಾಕು."

ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ರಸ್ತೆ ದಾಟಿಯಾಗಿತ್ತು. ಶಾಲೆಗೆ ಬಂದವಳೇ ಪೋಷಕರ ಗ್ರೂಪಿನಲ್ಲಿ ಬರೆದಳು: ಸೈಕಲ್ ಅಂಗಡಿಯವರಿಂದ ಮಕ್ಕಳನ್ನು ದೂರವಿಡಿ.

ಅಷ್ಟೇ ಸಾಕಾಯಿತು. ಅವನು ಮಕ್ಕಳ ಆಟ ಬಿಟ್ಟ. ಅಂಗಡಿಗೆ ಗಿರಾಕಿಗಳು ಬರುವುದು ನಿಂತಿತು. ಪಂಕ್ಚರಾದ ಸೈಕಲ್ಲನ್ನು ಜನ ಅವನ ಕಣ್ಣೆದುರಿಗೇ ಇನ್ನೊಂದು ಬೀದಿಗೆ ತಳ್ಳಿಕೊಂಡು ಹೋದರು. ಅವನ ಅಕ್ಕನ ಮಗಳಿಗೆ ಚುರುಕು ನಾಲಿಗೆಯ ಕಾರಣಕ್ಕೆ ಶಾಲೆಯಲ್ಲಿ ಮೆಣಸಿನಕಾಯಿ ಎಂದೇ ಹೆಸರು. ಈಗ ಆ ಹುಡುಗಿ ಮೆಟ್ಟಿಲ ಕೆಳಗೆ ಒಬ್ಬಳೇ ಕೂತು ಊಟದ ಡಬ್ಬಿ ತೆರೆಯುತ್ತಿದ್ದಳು.

ಅದನ್ನು ಕಂಡು ಹೆಡ್ ಮೇಡಂ ಹೆಜ್ಜೆ ನಿಲ್ಲಿಸಿದಳು.

'ನಾನು ಮಾಡಿದ್ದು ಸರಿ. ಸರೀನೇ ಅಲ್ವಾ..?'

ಅವಳು ತನ್ನ ಕೋಣೆಗೆ ಮರಳಿ ಫೈಲುಗಳಲ್ಲಿ ಮುಖ ಹುದುಗಿಸಿದಳು.

ಮರುವಾರ ಒಂದು ಸಂಜೆ ಅವನೇ ಶಾಲೆಗೆ ಬಂದ. ಜೊತೆಗೆ ಮೆಣಸಿನಕಾಯಿ. ಅವಳ ಹಿಂದೆ, ಅತ್ತು ಅತ್ತು ಮುಖ ಊದಿಸಿಕೊಂಡಿದ್ದ ಇನ್ನೊಬ್ಬಳು... ದೂರು ಕೊಟ್ಟ ತಾಯಿಯ ಮಗಳು!

"ಈ ಮಗು ನನ್ನ ಅಂಗಡಿಗೆ ಓಡಿ ಬಂತು ಮೇಡಂ," ಎಂದ ಅವನು. "ಆಟದಲ್ಲಿ ಯಾರೋ ಫೋಟೋ ಕೇಳ್ತಿದ್ದಾನಂತೆ. ಕೊಡದಿದ್ರೆ ನೋಡ್ಕೋ ಅಂತ ಹೆದರಿಸಿದ್ದಾನೆ. ನಾನು ಫೋನ್ ಮುಟ್ಟಿಲ್ಲ. ನೇರ ನಿಮ್ಮ ಹತ್ರನೇ ಕರ್ಕೊಂಡು ಬಂದೆ."

ಅವಳು ಹುಡುಗಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಮ್ಮನಿಗೆ ಹೇಳ್ಬಾರದಿತ್ತಾ ಪುಟ್ಟ?"

"ಅಮ್ಮ ಫೋನ್ ಕಿತ್ಕೋತಾರೆ."

"ನನಗಾದ್ರೂ..."

"ನೀವು ಬೈತೀರಿ." ಹುಡುಗಿ ಬಿಕ್ಕಿದಳು. "ತಾತ ಬೈಯಲ್ಲ. ಯಾರಾದ್ರೂ ಫೋಟೋ ಕೇಳಿದ್ರೆ ಆಟ ಬಿಟ್ಟು ಓಡಿ ಬನ್ನಿ ಅಂದಿದ್ರು. ತಾತ ಇದ್ದಾಗ ಗೊತ್ತಿಲ್ಲದೋರನ್ನ ಟೀಮಿಗೆ ಸೇರಿಸ್ತಾನೇ ಇರ್ಲಿಲ್ಲ."

"ಮತ್ತೆ ಆ ಕೆಮ್ಮು?"

ಇಷ್ಟು ದಿನ ಮುಚ್ಚಿದ್ದ ಮೆಣಸಿನಕಾಯಿಯ ಬಾಯಿ ಈಗ ತೆರೆಯಿತು. "ಆಟದಲ್ಲಿ ಮಾವನ ಹೆಸರು ತಾತ. ರಾತ್ರಿ ಎಂಟು ಗಂಟೆಗೆ ಮುದುಕರ ಥರ ಕೆಮ್ತಾರೆ. ತಾತ ಕೆಮ್ಮಿದ್ರೆ ಫೋನ್ ಇಟ್ಟು ಊಟಕ್ಕೆ ಏಳ್ಬೇಕು. ಏಳದಿದ್ರೆ ನಾಳೆ ಟೀಮಿಂದ ಔಟ್. ಕೆಮ್ಮು ಯಾಕೆ ಅಂತ ನೀವು ಕೇಳಿದ್ರೆ ತಾನೇ ಹೇಳೋದು ಮೇಡಂ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಒಬ್ಬ ಒಳ್ಳೆಯ ಮನುಷ್ಯನ ಮಾತನ್ನು ಅರ್ಧಕ್ಕೇ ತುಂಡರಿಸಿ, ಮಕ್ಕಳಿಗಿದ್ದ ಒಂದೇ ಒಂದು ಕಾವಲನ್ನು ತಾನೇ ಓಡಿಸಿದ್ದಳು.

"ನಂದೂ ತಪ್ಪಿದೆ," ಎಂದ ಅವನು ಮೆಲ್ಲಗೆ. "ದೊಡ್ಡೋರಿಗೆ ತಿಳಿಸದೆ ಮಕ್ಕಳ ಜೊತೆ ಸೇರ್ಕೋಬಾರದಿತ್ತು."

ಅಂದೇ ಹುಡುಗಿಯ ತಾಯಿಯನ್ನು ಕರೆಸಿ, ಎಲ್ಲರೂ ಒಟ್ಟಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟರು. ಹೆಡ್ ಮೇಡಂ ಪೋಷಕರ ಸಭೆ ಕರೆದಳು. ಆಡಳಿತ ಮಂಡಳಿಯವರು ತಡೆದರು. ತಪ್ಪು ಒಪ್ಪಿಕೊಂಡರೆ ಶಾಲೆಯ ಮಾನ ಹೋಗುತ್ತದೆ, ನಿಮ್ಮ ಕುರ್ಚಿಯೂ ಉಳಿಯುವುದಿಲ್ಲ ಎಂದರು.

"ಕುರ್ಚಿ ನೀವೇ ಇಟ್ಕೊಳ್ಳಿ," ಎಂದು ಅವಳು ಸಭಾಂಗಣಕ್ಕೆ ನಡೆದಳು.

ಸಭಾಂಗಣ ತುಂಬಿತ್ತು. ಅವನು ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

"ವಿಚಾರಿಸದೆ ಒಬ್ಬರ ಮರ್ಯಾದೆ ಕಳೆದೆ. ತಪ್ಪು ನನ್ನದು," ಎಂದಳು. "ಫೋನ್ ಕಿತ್ಕೊಂಡ ನಮ್ಮ ಹತ್ರ ಮಕ್ಕಳು ಬರಲಿಲ್ಲ. ಜೊತೇಲಿ ಕೂತು ಆಡಿದವರ ಹತ್ರ ಓಡಿದ್ರು. ಇನ್ಮೇಲೆ ಪ್ರತಿ ಮನೆಯಲ್ಲೂ ದೊಡ್ಡೋರು ಒಬ್ಬರು ಮಕ್ಕಳ ಜೊತೆ ಆಡ್ಬೇಕು. ಎಂಟಕ್ಕೆ ಎಲ್ಲರ ಫೋನೂ ಬಂದ್. ನಿಮ್ಮದೂ ಸೇರಿ."

ಮೊದಲು ಎದ್ದವರು ದೂರು ಕೊಟ್ಟ ತಾಯಿ. ಅವರು ಸೈಕಲ್ ಅಂಗಡಿಯವನತ್ತ ತಿರುಗಿ ಕೈಮುಗಿದರು. ಹಿಂದೆಯೇ ಯಾರೋ ಒಬ್ಬ ಅಪ್ಪ ಎದ್ದು ಜೋರಾಗಿ ಕೆಮ್ಮಿದರು. ಇನ್ನೊಬ್ಬರು ಕೆಮ್ಮಿದರು... ಇಡೀ ಸಭಾಂಗಣ ಕೆಮ್ಮುತ್ತಾ, ನಗುತ್ತಾ, ಚಪ್ಪಾಳೆ ತಟ್ಟಿತು! ಮೆಣಸಿನಕಾಯಿಯನ್ನು ಗೆಳತಿಯರು ಎಳೆದುಕೊಂಡು ತಮ್ಮ ನಡುವೆ ಕೂರಿಸಿಕೊಂಡರು. ಆ ಚಪ್ಪಾಳೆಯ ಮುಂದೆ ಆಡಳಿತ ಮಂಡಳಿಯವರಿಗೂ ಕೈ ಸೇರಿಸದೆ ಗತಿಯಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಉಳಿದು ಕುರ್ಚಿಗಳನ್ನು ಮಡಚತೊಡಗಿದ. ಅವಳೂ ಕೈ ಹಾಕಿದಳು.

"ನಾನು ಅಂದಿದ್ದನ್ನ ಮರೀತೀರಾ?"

"ಇಲ್ಲ."

ಅವಳು ಇನ್ನೊಂದು ಕುರ್ಚಿಯತ್ತ ತಿರುಗಿದಳು.

"ಬೈಯೋಕಾದ್ರೂ ಬಂದ್ರಲ್ಲ... ಆಮೇಲೆ ಅಂಗಡಿಗೆ ಯಾರೂ ಬರಲಿಲ್ಲ. ನಾನು ಕಾದಿದ್ದು ಮಾತ್ರ ನಿಮ್ಮೊಬ್ಬರನ್ನೇ."

ಅವಳ ಕೈಯಲ್ಲಿದ್ದ ಕುರ್ಚಿ ಅರ್ಧ ಮಡಚಿದಂತೆಯೇ ನಿಂತಿತು.

"ಅಷ್ಟು ಜನರ ಮುಂದೆ ಮಾತಾಡಿದೆ, ಹೆದರಿಕೆ ಆಗ್ಲಿಲ್ಲ. ಈಗ ಒಂದು ಮಾತು ಹೇಳೋಕೆ ಹೆದರಿಕೆ ಆಗ್ತಿದೆ..."

"ಹೇಳಿ. ನಾನು ಯಾವ ಗ್ರೂಪಿಗೂ ಹಾಕಲ್ಲ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ನೀವಂದ್ರೆ ನನಗೆ ತುಂಬಾ ಇಷ್ಟ," ಎಂದಳು. "ಬೇಕಾದ್ರೆ ಹಾಕಿ."