ಆನೆ ದಾಟುವಾಗ ಮಾತಿಲ್ಲ

"ಮೇಡಂ, ಕೈ ಸ್ವಲ್ಪ ಮೇಲೆತ್ತಿ. ಲೈಫ್ ಜಾಕೆಟ್ ಬೆಲ್ಟ್ ನೋಡ್ಬೇಕು."

ಆ ದನಿ ಕೇಳಿ ಶಶಿ ತಲೆಯೆತ್ತಿದಳು.

ಅವನೇ... ಸಿದ್ದರಾಜು! ಎರಡು ತಿಂಗಳ ಹಿಂದೆ ಪಿರಿಯಾಪಟ್ಟಣದ ಅವಳ ಮನೆಗೆ ಹೆಣ್ಣು ನೋಡಲು ಬಂದು, ಉಪ್ಪಿಟ್ಟಿನ ತಟ್ಟೆಯಿಂದ ಕಣ್ಣು ಕೀಳದೆ ಕೂತು ಎದ್ದುಹೋದವನು. ನಾಲ್ಕೇ ದಿನಕ್ಕೆ ಅವನ ಮನೆಯಿಂದ ಫೋನ್ ಬಂದಿತ್ತು. 'ವೀರಭದ್ರಸ್ವಾಮಿ ಹೂ ಎಡಕ್ಕೆ ಕೊಟ್ಟ. ಈ ಸಂಬಂಧ ಬ್ಯಾಡ.'

ದೇವರ ಮೇಲಿನ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಶಶಿಗೇನು ಗೊತ್ತಿಲ್ಲವೇ? ಹುಡುಗಿ ಹಿಡಿಸದವರು ಹೇಳುವ ನೆಪ ಅದು!

ಅವನು ಕಾಕನಕೋಟೆ ಕಡೆ ಬೋಟ್ ಓಡಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಆದರೂ ಅಲ್ಲಿನ ಕಬಿನಿ ಹಿನ್ನೀರು ನೋಡೋಣವೆಂದು ಚಿಕ್ಕಮ್ಮ ಗುರುಶಾಂತಮ್ಮನನ್ನು ಹೊರಡಿಸಿದ್ದು ಅವಳೇ. ಯಾಕೆಂದು ಮಾತ್ರ ಕೇಳಬೇಡಿ!

ಅವನು ಬೆಲ್ಟ್ ಬಿಗಿದ.

"ಚೆನ್ನಾಗಿದ್ದೀರಾ?"

"ದೇವ್ರ ನೆಪ ಮಾಡಿ ಬ್ಯಾಡ ಅಂದ್ಮೇಲೂ ಚೆನ್ನಾಗೇ ಇದ್ದೀನಿ!"

"ಅದು ನೆಪ ಅಲ್ಲ ಕಣ್ರೀ..."

"ಬುಡಿ ಬುಡಿ. ಬೋಟ್ ಓಡ್ಸಿ."

ನೀರಲ್ಲಿ ನಿಂತ ಒಣಮರಗಳ ನಡುವೆ ಬೋಟ್ ಸಾಗಿತು. ಅವನ ಹಿಂದಿನ ಸೀಟಿನಲ್ಲೇ ಕೂತ ಶಶಿ ಮುಖ ತಿರುಗಿಸಿಕೊಂಡಳು. 'ತಲೆಯೆತ್ತಿಯೂ ನೋಡದವನಿಗಾಗಿ ಎರಡು ತಿಂಗಳು ಅತ್ತೆನಲ್ಲ...'

ಥಟ್ಟನೆ ಇಂಜಿನ್ ನಿಂತಿತು.

"ಯಾರೂ ಮಾತಾಡ್ಬೇಡಿ," ಸಿದ್ದರಾಜು ಪಿಸುಗುಟ್ಟಿದ. "ಆನೆ ದಾಟ್ತಾವೆ."

ನೀರಿನಿಂದ ಕಪ್ಪು ಬಂಡೆಯೊಂದು ಎದ್ದು ಮುಳುಗಿತು. ಮತ್ತೆರಡು ಎದ್ದವು... ಬುಸ್ಸೆಂದು ನೀರು ಚಿಮ್ಮಿತು! ಶಾಲೆಯಲ್ಲಿ ಮಕ್ಕಳಿಗೆ ಮೊಬೈಲಿನಲ್ಲಿ ತೋರಿಸಿದ ತಿಮಿಂಗಿಲಗಳೇ ಬಂದುವೇನೋ ಎಂದುಕೊಂಡಳು ಟೀಚರಮ್ಮ ಶಶಿ.

ಹನ್ನೊಂದು ಆನೆಗಳು! ಅಷ್ಟು ದೊಡ್ಡ ಮೈಗಳನ್ನು ನೀರಿಗೆ ಒಪ್ಪಿಸಿ, ಸೊಂಡಿಲು ಮಾತ್ರ ಮೇಲಕ್ಕೆ ಚಾಚಿ ಈಜುತ್ತಿದ್ದವು. ಅವುಗಳ ಉಸಿರು ಬೋಟಿನವರೆಗೂ ಕೇಳಿಸುತ್ತಿತ್ತು.

ನಡುವೆ ಒಂದು ಮರಿ. ಅದರ ಪುಟ್ಟ ಸೊಂಡಿಲು ಮುಳುಗಿತು...

ಶಶಿ ತನಗರಿವಿಲ್ಲದೆ ಸಿದ್ದರಾಜುವಿನ ತೋಳು ಹಿಡಿದಳು. ತಾಯಿ ಆನೆ ಪಕ್ಕಕ್ಕೆ ವಾಲಿ, ಕೆಳಗಿನಿಂದ ಆಸರೆ ಕೊಟ್ಟು... ಮರಿ ಮೇಲೆದ್ದಿತು!

ಚಿಕ್ಕಮ್ಮ ಕೈಮುಗಿದರು. ಬೋಟಿನಲ್ಲಿದ್ದ ಇಪ್ಪತ್ತು ಜನರಲ್ಲಿ ಒಬ್ಬರಿಗೂ ಫೋಟೋ ತೆಗೆಯುವ ನೆನಪಾಗಲಿಲ್ಲ. ಶಶಿಯ ಕಣ್ಣು ತುಂಬಿತು. ಇಷ್ಟು ದೊಡ್ಡದನ್ನು ನೋಡಿದ ಮೇಲೆ ಸಿಟ್ಟನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಕೊನೆಯ ಆನೆ ಆಚೆ ದಡ ಹತ್ತಿತು. ಆದರೂ ಅವನು ಇಂಜಿನ್ ಹಾಕಲಿಲ್ಲ.

"ನಿಜವಾಗ್ಲೂ ನೆಪ ಅಲ್ವಾ?" ಅವಳೇ ಕೇಳಿದಳು.

"ಅಲ್ಲ. ಅವತ್ತು ತಲೆ ಎತ್ತುದ್ರೆ ನನ್ನ ಖುಷಿ ಎಲ್ಲಾರ್ಗೂ ಗೊತ್ತಾಗ್ಬುಡ್ತದೆ ಅಂತ ನಾಚ್ಕೆ. ಆಮೇಲೆ ಅವ್ವ ಹೂ ಕೇಳುದ್ರು, ಎಡಕ್ಕೆ ಬಿತ್ತು. ನಾನೂ ಸುಮ್ನಾಗ್ಬುಟ್ಟೆ. ತಪ್ಪು ನಂದೇ."

"ಈಗ ದೇವ್ರ ಮಾತು ಮೀರ್ತೀರಾ?"

"ಅವ್ವ ದೇವ್ರನ್ನ ಕೇಳುದ್ರು. ನಿಮ್ಮನ್ನ ಯಾರೂ ಕೇಳ್ಲೇ ಇಲ್ವಲ್ರೀ..."

ನಿಜ. ಅವತ್ತು ಯಾರೂ ಅವಳನ್ನು ಕೇಳಿರಲಿಲ್ಲ. ಅವಳ ಅಪ್ಪ ಕೂಡ.

ಸಿದ್ದರಾಜು ಪೂರ್ತಿ ಅವಳ ಕಡೆ ತಿರುಗಿದ. "ನನ್ನ ಮದ್ವೆ ಆಯ್ತೀರಾ?"

"ಯಾರಪ್ಪಾ ನೀನು?!" ಹೆಣ್ಣು ನೋಡಿದ ದಿನ ಬಂದಿರದ ಚಿಕ್ಕಮ್ಮ ಬೆಚ್ಚಿಬಿದ್ದರು.

ಶಶಿ ಅವನ ತೋಳು ಬಿಡಲಿಲ್ಲ.

"ನಿಮ್ಮವ್ವಂಗೆ ಯಾವಾಗ ಯೋಳ್ತೀರಾ?"

"ದಡಕ್ಕೆ ಹೋದ ತಕ್ಷಣ. ನಿಮ್ಮೆದುರ್ಗೇ ಫೋನ್ ಮಾಡ್ತೀನಿ."

"ಅಂಗಾದ್ರೆ ಇಂಜಿನ್ ಹಾಕ್ರೀ," ಎಂದಳು ಶಶಿ, ಅಳುತ್ತಾ ನಗುತ್ತಾ. "ಬೇಗ!"